ಸವೆದ ಆನೆ ಕಾಸಿಗೆ ಹುಣಸೆಹಣ್ಣು ಬೇಡ

ಹಳೆಯ ಸವೆದ ತಾಮ್ರದ ಕಾಸು ಸಿಕ್ಕಿದರೆ ಮೊದಲು ಕೈ ಹೋಗುವುದು ಹುಣಸೆಹಣ್ಣಿಗೆ, ಅಲ್ವಾ? ದಯವಿಟ್ಟು ಬೇಡ. ಹೊಸದರಲ್ಲಿ ನಾನೂ ಒಂದು ಕಾಸನ್ನು ಹುಣಸೆಹುಳಿ, ಬೂದಿ ಹಾಕಿ ತಿಕ್ಕಿದೆ. ದೇವರ ಮನೆ ಚೊಂಬಿನ ಹಾಗೆ ಹೊಳೆಯಿತು. ಆದರೆ ಮಸುಕಾಗಿ ಉಳಿದಿದ್ದ ಆನೆಯ ಸೊಂಡಿಲೇ ಹೋಯಿತು. ಆ ಸಂಕಟ ಇನ್ನೂ ಇದೆ. ತಗ್ಗಿನಲ್ಲಿ ಕಪ್ಪು ನಿಂತಿದ್ದರೇ ಗೆರೆ ಕಾಣುವುದು. ಮಣ್ಣು ಮೆತ್ತಿದ್ದರೆ ಡಿಸ್ಟಿಲ್ಡ್ ನೀರಿನಲ್ಲಿ ಎರಡು ದಿನ ನೆನೆಹಾಕಿ, ಮೆತ್ತನೆ ಬ್ರಷ್‌ನಿಂದ ಸವರಿ, ಒಣಗಿಸಿ. ಅಷ್ಟು ಸಾಕು.

ಆಮೇಲೆ ಕೋಣೆ ಕತ್ತಲು ಮಾಡಿ. ಟಾರ್ಚನ್ನು ಮೇಲಿಂದ ಬಿಡಬೇಡಿ, ಕಾಸಿನ ಮಟ್ಟದಲ್ಲೇ ಪಕ್ಕದಿಂದ ಹಿಡಿಯಿರಿ. ಕಾಸನ್ನು ನಿಧಾನವಾಗಿ ತಿರುಗಿಸಿ. ಬರೀ ಬಿಲ್ಲೆ ಅಂದುಕೊಂಡಿದ್ದರಲ್ಲಿ ಒಂದು ದುಂಡು ಬೆನ್ನು, ಕೆಳಗೆ ಕಂಬದಂಥ ಕಾಲು ನೆರಳಾಗಿ ಎದ್ದು ಬರುತ್ತವೆ.

ಆನೆ ಕಂಡ ಕೂಡಲೇ ಟಿಪ್ಪು ಕಾಸು ಅನ್ನಬೇಡಿ. ವಿಜಯನಗರದ ದೇವರಾಯನ ಕಾಸಿನಲ್ಲೂ ಆನೆ ಇದೆ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸಿನಲ್ಲೂ ಇದೆ. ಆನೆಯ ಮೇಲೆ ಸೂರ್ಯ, ಚಂದ್ರ, ಕಾಸಿನ ಹಿಂಬದಿ ಕನ್ನಡ ಅಕ್ಷರ ಇದ್ದರೆ ಅದು ಮುಮ್ಮಡಿಯವರದು. ಟಿಪ್ಪುವಿನದಾದರೆ ಹಿಂದೆ ಪರ್ಷಿಯನ್ ಬರಹ, ಟಂಕಸಾಲೆಯ ಹೆಸರು. ಶ್ರೀರಂಗಪಟ್ಟಣದ್ದರಲ್ಲಿ ‘ಪಟನ್’ ಅಂತ ಇರುತ್ತದೆ. ಅವನು ಜಾರಿಗೆ ತಂದ ‘ಮೌಲೂದಿ’ ಅನ್ನುವ ವರ್ಷಗಣನೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. 1787ರ ಹೊತ್ತಿನ 1215 ಅನ್ನು ಎಡದಿಂದ ಬಲಕ್ಕೆ ಓದಿದರೆ 5121 ಆಗಿಬಿಡುತ್ತದೆ! ಹಿಂದೆ ಬರೀ ಅಡ್ಡ ಉದ್ದ ಗೆರೆಯ ಚೌಕುಳಿ ಇದ್ದರೆ ಮುಂದೆ ಕನ್ನಡ ಅಂಕಿ ಇದೆಯಾ ನೋಡಿ. ಅಂಥ ಸಣ್ಣ ಕಾಸು ಮೈಸೂರಿನದೇ ಇರಬಹುದು.

ಚಿನ್ನ ತೂಗುವ ಸಣ್ಣ ತಕ್ಕಡಿ ಒಂದು ಇರಲಿ. ಟಿಪ್ಪುವಿನ ಪೈಸೆ ಸುಮಾರು 11 ಗ್ರಾಂ, ಅರ್ಧ ಪೈಸೆ ಅದರರ್ಧ. ಸವೆದದ್ದು 10ಕ್ಕೆ ಇಳಿಯಬಹುದು, 14ಕ್ಕೆ ಏರುವುದಿಲ್ಲ. ಅಂಚಿನ ಸುತ್ತ ಬೆಸುಗೆಯಂಥ ಗೆರೆ ಕಂಡರೆ ಅದು ಅಚ್ಚಿನಲ್ಲಿ ಹೊಯ್ದ ನಕಲು, ಕೊಳ್ಳಬೇಡಿ. ಹೊಲದಲ್ಲಿ ಕಾಸಿನ ಕುಡಿಕೆ ಸಿಕ್ಕರಂತೂ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು, 1878ರಿಂದಲೂ ಕಾಯ್ದೆ ಇದೆ.

ಗುರುತು ಸಿಗದ ಕಾಸನ್ನು ಎಸೆಯಬೇಡಿ. ಕಾಗದದ ಲಕೋಟೆಯಲ್ಲಿ ಹಾಕಿ, ಮೇಲೆ ತೂಕ, ಸಿಕ್ಕ ಜಾಗ ಬರೆದಿಡಿ. ನನ್ನ ಒಂದು ಕಾಸಿನಲ್ಲಿ ಚಂದ್ರ ಮಾತ್ರ ಉಳಿದಿತ್ತು. ಮೂರು ವರ್ಷದ ಮೇಲೆ ಸಿಕ್ಕ ಇನ್ನೊಂದರಲ್ಲಿ ಸೂರ್ಯ ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟ ಮೇಲೆಯೇ ಅವು ಯಾರವು ಅಂತ ಗೊತ್ತಾಯಿತು.