ಸ್ಕ್ರ್ಯಾಪಲ್ ಹುರಿಯುವಾಗ ಕೈ ಸುಮ್ನಿರಲಿ

ಅಮೆರಿಕದ ಫಿಲಡೆಲ್ಫಿಯಾ ಸುತ್ತಮುತ್ತಲಿನ ಯಾವ ಡೈನರ್‌ಗೆ, ಅಂದರೆ ಸಾದಾ ಹೋಟೆಲಿಗೆ, ಬೆಳಿಗ್ಗೆ ಹೋದರೂ ಮೆನುವಿನಲ್ಲಿ ಮೊಟ್ಟೆ, ಬೇಕನ್, ಸಾಸೇಜ್ ಜೊತೆಗೆ ಸ್ಕ್ರ್ಯಾಪಲ್ ಅನ್ನೋ ಇನ್ನೊಂದು ಹೆಸರು ಕಾಣುತ್ತದೆ. ಏನಿದು ಅಂತ ಕೇಳಿದರೆ ಅಲ್ಲಿಯವರು ಮೊದಲು ನಗುತ್ತಾರೆ. ಹಂದಿಯ ಗುರ್‌ಗುರ್ ಸದ್ದೊಂದನ್ನು ಬಿಟ್ಟು ಬಾಕಿ ಎಲ್ಲಾ ಇದರಲ್ಲಿದೆ ಎನ್ನುವುದು ಅಲ್ಲಿನ ಹಳೇ ಜೋಕು.

ಜೋಕು ಪೂರ್ತಿ ಸುಳ್ಳೇನಲ್ಲ. ಹಂದಿಯ ತಲೆ, ಹೃದಯ, ಲಿವರ್, ಚರ್ಮ, ಮೂಳೆಗೆ ಅಂಟಿ ಉಳಿದ ಮಾಂಸ ಇವನ್ನೆಲ್ಲ ಚೆನ್ನಾಗಿ ಬೇಯಿಸಿ, ಮೂಳೆ ತೆಗೆದು, ಮಾಂಸವನ್ನು ಸಣ್ಣಗೆ ಕೊಚ್ಚುತ್ತಾರೆ. ಬೇಯಿಸಿದ ನೀರಿಗೇ ಮೆಕ್ಕೆಜೋಳದ ಹಿಟ್ಟು ಹಾಕಿ ಗಟ್ಟಿಯಾಗಿ ತಿರುವಿ, ಮಾಂಸ, ಮೆಣಸು, ಸೇಜ್ ಸೊಪ್ಪು ಸೇರಿಸಿ ಬ್ರೆಡ್ ಅಚ್ಚಿಗೆ ಸುರಿಯುತ್ತಾರೆ. ಆರಿದ ಮೇಲೆ ಅದು ಒಂದು ಇಟ್ಟಿಗೆ. ಬೇಕಾದಷ್ಟು ಕತ್ತರಿಸಿ ಬಾಣಲೆಯಲ್ಲಿ ಗರಿಗರಿಯಾಗಿ ಹುರಿದರೆ ಬೆಳಗಿನ ತಿಂಡಿ ಆಯಿತು.

ಮಾಡಲು ಶುರು ಮಾಡಿದವರು 17ನೇ ಶತಮಾನದ ಕೊನೆಯಿಂದ ಪೆನ್ಸಿಲ್ವೇನಿಯಾಕ್ಕೆ ಬಂದು ನೆಲೆಸಿದ ಜರ್ಮನ್ ರೈತರು. ಇವರನ್ನು ಪೆನ್ಸಿಲ್ವೇನಿಯಾ ಡಚ್ ಎಂದು ಕರೆಯುತ್ತಾರೆ. ಹಾಲೆಂಡಿಗೂ ಇವರಿಗೂ ಸಂಬಂಧವಿಲ್ಲ, ಜರ್ಮನ್ ಎನ್ನುವುದಕ್ಕಿರುವ ‘ಡಾಯ್ಚ್’ ಅನ್ನುವ ಪದದ ನೆಂಟ ಅದು. ಜರ್ಮನಿಯ ತಮ್ಮ ಊರಿನಲ್ಲಿ ಅವರು ಹಂದಿ ಕಡಿದ ದಿನ ಕುಟ್ಟು (ಬಕ್‌ವೀಟ್ ಎಂಬ ಕಾಳು) ಹಿಟ್ಟು ಹಾಕಿ ಪಾನ್‌ಹಾಸ್ ಎಂಬ ಇಂಥದ್ದೇ ಅಡುಗೆ ಮಾಡುತ್ತಿದ್ದರು. ಹೊಸ ನಾಡಿನಲ್ಲಿ ಕೈಗೆ ಸುಲಭವಾಗಿ ಸಿಕ್ಕಿದ್ದು ಅಲ್ಲಿನ ಮೂಲನಿವಾಸಿಗಳ ಬೆಳೆಯಾದ ಮೆಕ್ಕೆಜೋಳ. ಹಾಗಾಗಿ ಪಾತ್ರೆಗೆ ಅದೂ ಬಿತ್ತು. ಪಾನ್‌ಹಾಸ್ ಅಂದರೆ ‘ಬಾಣಲೆ ಮೊಲ’ ಎಂದು ಅರ್ಥ ಹೇಳುತ್ತಾರೆ. ಮೊಲ ಮಾತ್ರ ಅದರಲ್ಲಿ ಇಲ್ಲ.

ಇವತ್ತಿಗೂ ಇದು ಪೆನ್ಸಿಲ್ವೇನಿಯಾ, ಡೆಲವೇರ್, ಮೇರಿಲ್ಯಾಂಡ್, ದಕ್ಷಿಣ ನ್ಯೂಜೆರ್ಸಿ ಬಿಟ್ಟು ಹೆಚ್ಚು ದೂರ ಹೋಗಿಲ್ಲ. ಡೆಲವೇರ್‌ನ ಬ್ರಿಜ್‌ವಿಲ್ ಎಂಬ ಪುಟ್ಟ ಊರಿನಲ್ಲಿ ರಾಲ್ಫ್ ಮತ್ತು ಪಾಲ್ ಆಡಮ್ಸ್ ಎಂಬ ಅಣ್ಣತಮ್ಮಂದಿರು 1926ರಲ್ಲಿ ಇದರ ತಯಾರಿಕೆ ಶುರು ಮಾಡಿದರು. ಇಬ್ಬರ ಹೆಸರಿನ ಮೊದಲ ಅಕ್ಷರಗಳನ್ನು ಸೇರಿಸಿ ‘ರಾಪಾ’ ಅಂತ ಹೆಸರಿಟ್ಟರು. ಅದೇ ಊರಿನಲ್ಲಿ ಪ್ರತಿ ಅಕ್ಟೋಬರ್‌ನಲ್ಲಿ ಸೇಬು ಮತ್ತು ಸ್ಕ್ರ್ಯಾಪಲ್ ಜಾತ್ರೆ ನಡೆಯುತ್ತದೆ. ಹೆಂಗಸರಿಗೆ ಕಬ್ಬಿಣದ ಬಾಣಲೆ ಎಸೆಯುವ ಸ್ಪರ್ಧೆಯೂ ಉಂಟು!

ಮೊದಲ ಸಲ ಡೈನರ್‌ನಲ್ಲೇ ತಿನ್ನಿ

ಅಲ್ಲಿಗೆ ಹೋದವರಿಗೆ ನನ್ನ ಸಲಹೆ ಇದು. ರುಚಿ ಹೇಗಿರಬೇಕು ಅಂತ ಗೊತ್ತಿಲ್ಲದೆ ಮನೆಯಲ್ಲಿ ಹುರಿದರೆ, ಕೆಟ್ಟಿದ್ದು ಸ್ಕ್ರ್ಯಾಪಲ್ಲೋ ನಮ್ಮ ಕೈಯೋ ತಿಳಿಯುವುದಿಲ್ಲ. ಫಿಲಡೆಲ್ಫಿಯಾದಲ್ಲಿದ್ದರೆ ರೀಡಿಂಗ್ ಟರ್ಮಿನಲ್ ಮಾರ್ಕೆಟ್‌ಗೆ ಹೋಗಿ. 1893ರಿಂದ ಇರುವ ಮಾರುಕಟ್ಟೆ, ಪೆನ್ಸಿಲ್ವೇನಿಯಾ ಡಚ್ ಮಂದಿಯ ಅಂಗಡಿಗಳೂ ಅಲ್ಲಿವೆ. ಆರ್ಡರ್ ಕೊಡುವಾಗ ‘ಚೆನ್ನಾಗಿ ಗರಿಗರಿಯಾಗಲಿ’ ಅಂತ ಒಂದು ಮಾತು ಸೇರಿಸಿ. ಹೇಳದಿದ್ದರೆ ಕೆಲವು ಕಡೆ ಅರ್ಧಂಬರ್ಧ ಹುರಿದ, ಒಳಗೂ ಹೊರಗೂ ಮೆತ್ತಗಿರುವ ತುಂಡು ಬರುತ್ತದೆ. ನನಗೂ ಮೊದಲ ಸಲ ಹಾಗೇ ಬಂತು. ಹೆದ್ದಾರಿ ಪಕ್ಕದ ಒಂದು ಡೈನರ್, ಬೂದು ಬಣ್ಣದ ಎರಡು ಮೆತ್ತನೆ ಚೌಕಗಳು. ಒಂದು ತುತ್ತು ತಿಂದು ತಟ್ಟೆ ಪಕ್ಕಕ್ಕೆ ಸರಿಸಿದೆ. ಆಮೇಲೆ ಎರಡು ವರ್ಷ ಅದರ ಸುದ್ದಿಗೇ ಹೋಗಲಿಲ್ಲ.

ಸರಿಯಾಗಿ ಹುರಿದದ್ದಾದರೆ ಹೊರಗೆ ಕಡುಕಂದು ಬಣ್ಣದ ಹೊರಪದರ, ಕಚ್ಚಿದರೆ ಕರಕ್ ಅನ್ನಬೇಕು. ಒಳಗೆ ಬಿಸಿ ಬಿಸಿ, ಮೃದು. ಮೆಣಸಿನ ಖಾರ ಮೊದಲು ಬರುತ್ತದೆ, ಹಿಂದೆಯೇ ಸೇಜ್ ಘಮ, ಕೊನೆಗೆ ಲಿವರ್‌ನ ಸಣ್ಣ ಕಹಿ. ಲಿವರ್ ವಾಸನೆಯೇ ಆಗದವರಿಗೆ ಇದು ಹಿಡಿಸುವುದು ಕಷ್ಟ.

ಕತ್ತರಿಸುವುದು

ಅಂಗಡಿಯ ಫ್ರಿಜ್‌ನಲ್ಲಿ ಪ್ಲಾಸ್ಟಿಕ್ ಸುತ್ತಿದ ಇಟ್ಟಿಗೆಯಾಗಿ ಸಿಗುತ್ತದೆ. ಮೊದಲೇ ಬೆಂದಿರುವ ಪದಾರ್ಥ, ನಮ್ಮ ಕೆಲಸ ಹುರಿಯುವುದಷ್ಟೇ. ಲೇಬಲ್ ಓದಿದರೆ ಹಂದಿಯ ಮೂತಿ ಕೂಡ ಪಟ್ಟಿಯಲ್ಲಿ ಕಾಣಬಹುದು. ಓದಬೇಡಿ, ಅಥವಾ ಓದಿ ನಕ್ಕುಬಿಡಿ.

ಫ್ರಿಜ್‌ನಿಂದ ತೆಗೆದ ಕೂಡಲೇ, ತಣ್ಣಗಿರುವಾಗಲೇ ಕತ್ತರಿಸಬೇಕು. ಹೊರಗಿಟ್ಟು ಮೆತ್ತಗಾದರೆ ಚಾಕು ಎಳೆದಂತೆ ಮುದ್ದೆಯಾಗುತ್ತದೆ. ದಪ್ಪ ಎಷ್ಟು ಎನ್ನುವುದಕ್ಕೆ ಅಲ್ಲಿ ಮನೆಮನೆಯಲ್ಲೂ ಜಗಳ. ಅರ್ಧ ಸೆಂಟಿಮೀಟರ್ ಆದರೆ ಪೂರ್ತಿ ಕುರುಕಲು. ಒಂದೂಕಾಲು ಸೆಂಟಿಮೀಟರ್ ಆದರೆ ಒಳಗೆ ಮೆತ್ತಗೆ. ನನ್ನ ಮತ ಒಂದು ಸೆಂಟಿಮೀಟರ್‌ಗೆ.

ಫ್ರೀಜರ್‌ನಲ್ಲಿ ಇಟ್ಟಿದ್ದರೆ ಸ್ವಲ್ಪ ತೊಂದರೆ. ಒಳಗಿನ ನೀರು ಮಂಜುಗಡ್ಡೆಯಾಗುವಾಗ ಬೆಂದ ಹಿಟ್ಟಿನ ಹಿಡಿತ ಒಡೆಯುತ್ತದೆ. ಕರಗಿದ ಮೇಲೆ ನೀರು ಬಿಡುತ್ತದೆ, ಎಣ್ಣೆಗೆ ಬಿದ್ದರೆ ಸಿಡಿಯುತ್ತದೆ, ಪುಡಿಯಾಗುತ್ತದೆ. ಅಂಥ ತುಂಡನ್ನು ಬಟ್ಟೆಯಿಂದ ಒತ್ತಿ, ಮೈದಾ ಹಿಟ್ಟಿನಲ್ಲಿ ಹೊರಳಿಸಿ ಹಾಕಿದರೆ ಸ್ವಲ್ಪ ತಡೆಯುತ್ತದೆ.

ಹುರಿಯುವುದು

ಎಲ್ಲರೂ ಸೋಲುವುದು ಇಲ್ಲೇ.

ಎರಡನೇ ಸಲ ನಾನು ಇದನ್ನು ತಿಂದದ್ದು ಡೆಲವೇರ್‌ನ ವಿಲ್ಮಿಂಗ್ಟನ್‌ನಲ್ಲಿರುವ ಗೆಳೆಯನ ಮನೆಯಲ್ಲಿ. ಮಡಿಕೇರಿಯವನು. ಹಂದಿ ಮಾಂಸ ಅವನಿಗೆ ಹೊಸದಲ್ಲ, ಆದರೂ ಸ್ಕ್ರ್ಯಾಪಲ್ ಕಲಿಯಲು ಮೂರು ಇಟ್ಟಿಗೆ ಹಾಳು ಮಾಡಿದೆ ಅಂದ. ಬಾಣಲೆ ನನ್ನ ಕೈಗೆ ಕೊಟ್ಟ. ಎರಡು ನಿಮಿಷ ಆಯಿತು, ಅಡಿ ಸೀದೀತು ಅಂತ ನಾನು ಸಟ್ಟುಗ ತೂರಿಸಿದೆ. ತುಂಡಿನ ಅರ್ಧ ಮೇಲೆ ಬಂತು, ಇನ್ನರ್ಧ ಬಾಣಲೆಯಲ್ಲೇ ಉಳಿಯಿತು. ಸರಿ ಮಾಡಲು ಹೋಗಿ ಮತ್ತೆ ಕೆದಕಿದೆ. ಐದು ನಿಮಿಷದಲ್ಲಿ ಬೂದು ಬಣ್ಣದ ಉಪ್ಪಿಟ್ಟು ತಯಾರು.

‘ಮುಟ್ಬೇಡ ಮಾರಾಯ,’ ಅಂದ ಅವನು. ‘ಯಾವಾಗ ಏಳ್ಬೇಕು ಅಂತ ಅದಕ್ಕೇ ಗೊತ್ತು.’

ಕಾರಣ ಸರಳ. ಇಟ್ಟಿಗೆಯನ್ನು ಗಟ್ಟಿಯಾಗಿ ಹಿಡಿದಿರುವುದು ತಣ್ಣಗಾದ ಮೆಕ್ಕೆಜೋಳದ ಹಿಟ್ಟು ಮತ್ತು ಮೂಳೆ, ಚರ್ಮದಿಂದ ಬಂದ ಅಂಟು. ಬಿಸಿಯಾದ ತಕ್ಷಣ ಎರಡೂ ಸಡಿಲವಾಗುತ್ತವೆ. ಆಗ ತುಂಡಿಗೆ ಆಧಾರ ಅಂದರೆ ಅಡಿಯಲ್ಲಿ ಕಟ್ಟುವ ಗರಿ ಪದರ ಒಂದೇ. ಅದು ಕಟ್ಟುವ ಮೊದಲೇ ಕೆದಕಿದರೆ ಎತ್ತಲು ಏನೂ ಇರುವುದಿಲ್ಲ. ದೋಸೆಯ ಹಾಗೇ ಅಲ್ವಾ? ಬೆಂದ ದೋಸೆಯ ಅಂಚು ತಾನೇ ಕಾವಲಿ ಬಿಡುತ್ತದೆ, ಬೇಯದ್ದನ್ನು ಎಬ್ಬಿಸಲು ಹೋದರೆ ಹರಿಯುತ್ತದೆ.

ಪಳಗಿದ ಕಬ್ಬಿಣದ ಬಾಣಲೆ ಇದ್ದರೆ ಅದನ್ನೇ ಬಳಸಿ. ಮಧ್ಯಮ ಉರಿಯಲ್ಲಿ ಚೆನ್ನಾಗಿ ಕಾಯಲಿ. ಎಣ್ಣೆ ಒಂದು ಚಮಚ ಸಾಕು, ತುಂಡುಗಳೇ ಕೊಬ್ಬು ಬಿಡುತ್ತವೆ. ತುಂಡುಗಳ ನಡುವೆ ಒಂದು ಬೆರಳು ಜಾಗ ಬಿಡಿ, ಒತ್ತೊತ್ತಾಗಿ ಇಟ್ಟರೆ ಹುರಿಯುವ ಬದಲು ಹಬೆಯಲ್ಲಿ ಬೇಯುತ್ತವೆ. ಮುಚ್ಚಳ ಬೇಡ. ಈಗ ಆರರಿಂದ ಎಂಟು ನಿಮಿಷ ಅದರ ಕಡೆ ಹೋಗಬೇಡಿ. ಕಾಫಿ ಸೋಸಿ, ಮೊಟ್ಟೆ ತೆಗೆದಿಡಿ, ಏನಾದರೂ ಮಾಡಿ. ಅಂಚು ಕಂದು ಬಣ್ಣಕ್ಕೆ ತಿರುಗಿ, ಬಾಣಲೆ ಮೆಲ್ಲಗೆ ಅಲ್ಲಾಡಿಸಿದಾಗ ತುಂಡು ಜಾರಿದರೆ ಆಯಿತು ಅಂತ ಅರ್ಥ. ತೆಳ್ಳನೆ ಸಟ್ಟುಗವನ್ನು ಪೂರ್ತಿ ಕೆಳಗೆ ತೂರಿಸಿ ಒಂದೇ ಸಲ ಮಗುಚಿ. ಇನ್ನೊಂದು ಬದಿಗೆ ಐದಾರು ನಿಮಿಷ. ಎರಡನೇ ಸಲ ಮಗುಚಬೇಡಿ.

ಜೊತೆಗೆ ಏನು?

ಇಲ್ಲೂ ಎರಡು ಪಂಗಡ. ಒಬ್ಬರಿಗೆ ಕೆಚಪ್ ಅಥವಾ ಸಾಸಿವೆ, ಇನ್ನೊಬ್ಬರಿಗೆ ಮೇಪಲ್ ಸಿರಪ್, ಸೇಬಿನ ಬೆಣ್ಣೆ. ಸೇಬಿನ ಬೆಣ್ಣೆಯಲ್ಲಿ ಬೆಣ್ಣೆ ಇಲ್ಲ, ಸೇಬನ್ನು ಕಂದು ಬಣ್ಣ ಬರುವ ತನಕ ಕುದಿಸಿ ಇಳಿಸಿದ ಲೇಹ. ನನಗೆ ಅದೇ ಇಷ್ಟ, ಉಪ್ಪು ಖಾರದ ಮೇಲೆ ಹುಳಿಸಿಹಿ ಚೆನ್ನಾಗಿ ಕೂರುತ್ತದೆ. ಗೆಳೆಯ ಮಾತ್ರ ಕೊಡಗಿನಿಂದ ಅಮ್ಮ ಕಟ್ಟಿಕೊಟ್ಟ ಕಾಚಂಪುಳಿಯ ಬಾಟಲಿ ತಂದು ನಾಲ್ಕು ಹನಿ ಚಿಮುಕಿಸಿದ. ಕೊಬ್ಬಿನ ಜಿಡ್ಡು ಥಟ್ಟನೆ ಕಡಿಮೆಯಾಯಿತು. ಪಂದಿ ಕರಿಗೆ ಒಪ್ಪುವ ಹುಳಿ ಇದಕ್ಕೆ ಒಪ್ಪದೆ ಇರುತ್ತದೆಯೇ?

ಉಪ್ಪು, ಕೊಬ್ಬು ಎರಡೂ ಜಾಸ್ತಿ. ದಿನಾ ತಿನ್ನುವ ತಿಂಡಿಯಲ್ಲ.

ಇಲ್ಲೇ ಮಾಡಬೇಕೆಂದರೆ

ಇಟ್ಟಿಗೆ ನಮ್ಮೂರಿನಲ್ಲಿ ಸಿಗುವುದಿಲ್ಲ, ಆದರೆ ಹಂದಿ ಮಾಂಸ ಅಡುಗೆ ಮಾಡುವ ಮನೆಯಲ್ಲಿ ಮಾಡಿಕೊಳ್ಳಬಹುದು. ಮೂಳೆ ಸಹಿತ ಭುಜದ ಮಾಂಸ 1 ಕೆ.ಜಿ., ಹಂದಿಯ ಕಾಲು ಒಂದು, ಲಿವರ್ 150 ಗ್ರಾಂ ತನ್ನಿ. ಕಾಲು ಬಿಡಬೇಡಿ, ಅಂಟು ಬರುವುದು ಅದರಿಂದ. ಮಾಂಸ ಮತ್ತು ಕಾಲನ್ನು 3 ಲೀಟರ್ ನೀರಿನಲ್ಲಿ ಒಂದು ಈರುಳ್ಳಿ ಹಾಕಿ, ಸಣ್ಣ ಉರಿಯಲ್ಲಿ ಮೂರು ಗಂಟೆ ಬೇಯಿಸಿ. ಲಿವರ್ ಕೊನೆಯ ಇಪ್ಪತ್ತು ನಿಮಿಷಕ್ಕೆ ಮಾತ್ರ. ಮೂಳೆಯಿಂದ ಮಾಂಸ ತಾನೇ ಕಳಚಬೇಕು. ಸೋಸಿ, ಮೂಳೆ ಆರಿಸಿ, ಮಾಂಸ ಮತ್ತು ಲಿವರನ್ನು ಸಣ್ಣಗೆ ಕೊಚ್ಚಿ.

ಹಿಟ್ಟಿನ ವಿಷಯದಲ್ಲಿ ಎಚ್ಚರ. ನಮ್ಮ ಅಂಗಡಿಯಲ್ಲಿ ‘ಕಾರ್ನ್‌ಫ್ಲೋರ್’ ಅಂತ ಕೊಡುವ ಬಿಳಿ ಪುಡಿ ಬರೀ ಗಂಜಿಪುಡಿ, ಅದನ್ನು ಹಾಕಿದರೆ ಗೋಂದು ಆಗುತ್ತದೆ. ಬೇಕಾದದ್ದು ಹಳದಿ ಮೆಕ್ಕೆಜೋಳದ ಸಣ್ಣ ರವೆ. ಗೋವಿನಜೋಳ ಅಂತ ಕೇಳಿದರೆ ಹಾವೇರಿ ಕಡೆಯವರಿಗೆ ಬೇಗ ತಿಳಿಯುತ್ತದೆ. ಜೊತೆಗೆ ಕುಟ್ಟು ಹಿಟ್ಟು, ಉತ್ತರದವರು ನವರಾತ್ರಿ ಉಪವಾಸಕ್ಕೆ ಬಳಸುವ ಅದೇ ಹಿಟ್ಟು. ಎಲ್ಲಿಂದ ಎಲ್ಲಿಗೆ!

ಸೋಸಿದ ಸಾರು 1.4 ಲೀಟರ್ ಅಳೆದುಕೊಳ್ಳಿ. ಅದರಲ್ಲಿ 400 ಮಿ.ಲೀ. ಬೇರೆ ತೆಗೆದು ತಣ್ಣಗಾಗಿಸಿ, ಅದಕ್ಕೆ 280 ಗ್ರಾಂ ರವೆ, 70 ಗ್ರಾಂ ಕುಟ್ಟು ಹಿಟ್ಟು ಕದಡಿಡಿ. ರಾಗಿ ಅಂಬಲಿ ಮಾಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ, ಬಿಸಿ ಸಾರಿಗೆ ಒಣಹಿಟ್ಟು ಸುರಿದರೆ ಗಂಟು ಗ್ಯಾರಂಟಿ. ಉಳಿದ ಒಂದು ಲೀಟರ್ ಕುದಿ ಬಂದಾಗ ಕದಡಿದ್ದನ್ನು ತಿರುವುತ್ತಾ ಸುರಿಯಿರಿ. ಮಾಂಸ, ಮೂರು ಚಹಾ ಚಮಚ ಉಪ್ಪು, ಎರಡು ಚಮಚ ಕರಿಮೆಣಸಿನ ಪುಡಿ, ಎರಡು ಚಮಚ ಒಣ ಸೇಜ್, ಒಂದು ಚಮಚ ಥೈಮ್ ಹಾಕಿ.

ಈಗ ಅರ್ಧ ಗಂಟೆ ಸಣ್ಣ ಉರಿಯಲ್ಲಿ ತಿರುವುತ್ತಲೇ ಇರಬೇಕು. ಪಟ್ ಪಟ್ ಅಂತ ಸಿಡಿದು ಕೈ ಸುಡುತ್ತದೆ, ಆದ್ದರಿಂದ ಮುದ್ದೆ ಕೋಲು ಇದ್ದರೆ ಒಳ್ಳೆಯದು. ಕೋಲು ನಡುವೆ ನಿಲ್ಲಿಸಿ ಕೈ ಬಿಟ್ಟರೆ ನಿಲ್ಲಬೇಕು, ಬಿದ್ದರೆ ಇನ್ನೂ ಐದು ನಿಮಿಷ. ಬ್ರೆಡ್ ಟಿನ್‌ಗೆ ಬಟರ್ ಪೇಪರ್ ಹಾಸಿ ತುಂಬಿ, ಮೇಲಿಂದ ಒತ್ತಿ, ಆರಿದ ಮೇಲೆ ಒಂದು ರಾತ್ರಿ ಫ್ರಿಜ್‌ನಲ್ಲಿಡಿ. ನಾಲ್ಕು ದಿನದೊಳಗೆ ಮುಗಿಸಿ. ನಮ್ಮ ಮನೆಯಲ್ಲಿ ಎರಡನೇ ದಿನವೇ ಟಿನ್ ಖಾಲಿ, ಅಂಚಿನ ತುಂಡಿಗೆ ಮಕ್ಕಳ ಜಗಳ ಬೇರೆ.