ಜಾಹೀರಾತಿಲ್ಲದ ಟಿವಿ: ಪ್ಯಾನೆಲ್ ಆರಿಸಿ ಬೋರ್ಡ್ ಬದಲಿಸಿದ ನನ್ನ ಅನುಭವ

ಕೊಡಗಿನ ಕಕ್ಕಬ್ಬೆ, ನಾಪೋಕ್ಲು, ಭಾಗಮಂಡಲದ ಕಡೆಯ ಹೋಂಸ್ಟೇಗಳಲ್ಲಿ ನಾನು ಕೂರಿಸಿಕೊಟ್ಟ ಸಾದಾ ಟಿವಿಗಳು ಎರಡು ಮಳೆಗಾಲ ದಾಟಿ ಇಂದಿಗೂ ಚೆನ್ನಾಗಿ ನಡೆಯುತ್ತಿವೆ. ಅವುಗಳಲ್ಲಿ ಆ್ಯಪ್‌ಗಳಿಲ್ಲ, ಹೋಮ್ ಸ್ಕ್ರೀನ್ ಇಲ್ಲ, ಆನ್ ಮಾಡಿದ ಕೂಡಲೇ ಮುಖಕ್ಕೆ ಎದುರಾಗುವ ಜಾಹೀರಾತೂ ಇಲ್ಲ. ಗುಂಡಿ ಒತ್ತಿದ ಕೆಲವೇ ಸೆಕೆಂಡುಗಳಲ್ಲಿ ಸೆಟ್-ಟಾಪ್ ಬಾಕ್ಸ್‌ನ ಚಿತ್ರ ನೇರವಾಗಿ ಬರುತ್ತದೆ. ಬೋರ್ಡ್ (ಟಿವಿ ನಡೆಸುವ ಸರ್ಕ್ಯೂಟ್) ಸತ್ತ ಸ್ಮಾರ್ಟ್ ಟಿವಿಯ ಪ್ಯಾನೆಲ್, ಅಂದರೆ ಪರದೆಯನ್ನು ಉಳಿಸಿಕೊಂಡು, ಅದಕ್ಕೆ ಬೇರೆ ಬೇರೆ ಕಂಪನಿಗಳ ಪ್ಯಾನೆಲ್‌ಗಳಿಗೆ ಹೊಂದುವ ಯೂನಿವರ್ಸಲ್ ಬೋರ್ಡ್ ಹಾಕಿ ಗಿರಾಕಿಗಳಿಗೆ ಕೊಡುತ್ತೇನೆ ಎಂದಾಗ ಮಡಿಕೇರಿ, ಗೋಣಿಕೊಪ್ಪದ ಮೆಕ್ಯಾನಿಕ್ ಮಿತ್ರರು ಅದು ಒಂದು ಮಳೆಗಾಲವನ್ನೂ ತಾಳದು ಎಂದಿದ್ದರು. ಸ್ಮಾರ್ಟ್ ಇಲ್ಲದ ಟಿವಿಯನ್ನು ಈ ಕಾಲದಲ್ಲಿ ಯಾರು ಕೇಳುತ್ತಾರೆ ಎಂದವರೂ ಇದ್ದರು. ಈಗ ಅವರಲ್ಲೇ ಕೆಲವರು ಫೋನ್ ಮಾಡಿ ವಿಧಾನ ಕೇಳುತ್ತಿರುವುದರಿಂದ, ನಡೆದದ್ದನ್ನು ಒಂದೆಡೆ ಬರೆದಿಡುತ್ತಿದ್ದೇನೆ. ಚಾನೆಲ್‌ನವರು ಕಾರ್ಯಕ್ರಮದ ನಡುವೆ ಹಾಕುವ ಜಾಹೀರಾತನ್ನು ಯಾವ ಟಿವಿಯೂ ತಡೆಯಲಾರದು. ನಾನು ಹೇಳುತ್ತಿರುವುದು ಟಿವಿಯೇ ತಾನಾಗಿ ತೋರಿಸುವ ಜಾಹೀರಾತಿನ ವಿಷಯ.

ಮೊದಲು ನೋಡಿದ್ದು ಎಲ್ಲರೂ ಹೇಳುವ ಸುಲಭದ ದಾರಿಯನ್ನು, ಅಂದರೆ ಸ್ಮಾರ್ಟ್ ಟಿವಿ ಕೊಂಡು ಅದಕ್ಕೆ ಇಂಟರ್ನೆಟ್ ಕೊಡದೇ ಇರುವುದನ್ನು. ಸ್ವಂತ ಮನೆಗೆ ಒಂದೇ ಟಿವಿ ಬೇಕಾದವರಿಗೆ ಇದು ಸಾಕು. ಗೂಗಲ್ ಟಿವಿ ಇರುವ ಸೆಟ್ ಆದರೆ ಮೊದಲ ಸೆಟಪ್‌ನಲ್ಲೇ ಬೇಸಿಕ್ ಟಿವಿ ಎಂಬ ಆಯ್ಕೆ ಸಿಗುತ್ತದೆ. ಅದನ್ನು ಒತ್ತಿ, ವೈಫೈ ಪಾಸ್‌ವರ್ಡ್ ಕೊಡದೆ ಮುಂದೆ ಹೋದರೆ ಆಯಿತು. ಆದರೆ ಹೋಂಸ್ಟೇಯಲ್ಲಿ ಇದು ನಿಲ್ಲುವುದಿಲ್ಲ. ಶನಿವಾರ ಬಂದ ಅತಿಥಿ ತನ್ನ ಮೊಬೈಲ್ ಹಾಟ್‌ಸ್ಪಾಟ್ ಜೋಡಿಸಿ, ತನ್ನ ಖಾತೆಯಿಂದ ಲಾಗಿನ್ ಆಗಿ, ಭಾನುವಾರ ಹಾಗೆಯೇ ಬಿಟ್ಟು ಹೋಗುತ್ತಾನೆ. ಅಷ್ಟರಲ್ಲಿ ಅಪ್‌ಡೇಟ್ ಇಳಿದು ಹೋಮ್ ಸ್ಕ್ರೀನ್ ತುಂಬ ಮತ್ತೆ ಸಿನಿಮಾ ಪೋಸ್ಟರುಗಳು ತುಂಬಿಕೊಂಡಿರುತ್ತವೆ. ಪ್ರತಿ ಸೋಮವಾರ ರೀಸೆಟ್ ಮಾಡಲು ಮಾಲೀಕರಿಗೆ ಪುರುಸೊತ್ತಿಲ್ಲ, ನನಗೂ ಇಲ್ಲ. ಹೊರಗಿನ ಬಾಕ್ಸ್ ಹಾಕಿಕೊಂಡರೆ ಸಾಲದೇ ಎಂದು ಕೇಳುವವರಿಗೆ ಒಂದು ಮಾತು ಹೇಳಬೇಕು. ಟಿವಿ ಇಂಟರ್ನೆಟ್‌ನಲ್ಲಿದ್ದರೆ, ಎಚ್‌ಡಿಎಂಐನಿಂದ ಬರುವ ಚಿತ್ರವನ್ನೂ ಗುರುತಿಸಿ ವರದಿ ಕಳಿಸುವ ತಂತ್ರ ಅನೇಕ ಸೆಟ್‌ಗಳಲ್ಲಿದೆ. ನೋಡುಗರ ಒಪ್ಪಿಗೆಯಿಲ್ಲದೆ ಹೀಗೆ ಮಾಹಿತಿ ಸಂಗ್ರಹಿಸಿದ ಆರೋಪಕ್ಕೆ ವಿಜಿಯೋ ಕಂಪನಿ 2017ರಲ್ಲಿ ಅಮೆರಿಕದಲ್ಲಿ 22 ಲಕ್ಷ ಡಾಲರ್ ಕಟ್ಟಿ ಪ್ರಕರಣ ಮುಗಿಸಿಕೊಂಡಿತು.

ಎರಡನೆಯದಾಗಿ ಅಂಗಡಿಯಲ್ಲೇ ಸಿಗುವ, ಸ್ಮಾರ್ಟ್ ಅಲ್ಲದ 32 ಇಂಚಿನ ಅಗ್ಗದ ಸೆಟ್‌ಗಳನ್ನು ಸುಮಾರು ಎಂಟು ಸಾವಿರಕ್ಕೊಂದರಂತೆ ತಂದು ನೋಡಿದೆ. ಜಾಹೀರಾತೇನೋ ಇರಲಿಲ್ಲ, ಆದರೆ ಪಕ್ಕದಿಂದ ನೋಡಿದರೆ ಮುಖಗಳು ಬೂದಿ ಬಣ್ಣಕ್ಕೆ ತಿರುಗುತ್ತಿದ್ದವು, ವರ್ಷ ತುಂಬುವ ಮೊದಲೇ ಪರದೆಗೆ ಹಿಂದಿನಿಂದ ಬೆಳಕು ಕೊಡುವ ಬ್ಯಾಕ್‌ಲೈಟ್ ಪಟ್ಟಿಗಳು ಹೋದವು. ಕಂಪ್ಯೂಟರ್ ಮಾನಿಟರ್ ಹಾಕೋಣವೆಂದರೆ ಅದಕ್ಕೆ ಸಾಮಾನ್ಯವಾಗಿ ಸ್ಪೀಕರ್ ಬೇರೆ ಬೇಕು, ಧ್ವನಿ ಏರಿಸಲು ಎದ್ದು ಹೋಗಬೇಕು. ಅಂಗಡಿ, ಆಸ್ಪತ್ರೆಗಳ ಗೋಡೆಗೆ ಹಾಕುವ ಸೈನೇಜ್ ಡಿಸ್‌ಪ್ಲೇ ನಿಜಕ್ಕೂ ಒಳ್ಳೆಯ ವಸ್ತು, ದಿನವಿಡೀ ಉರಿಯಲೆಂದೇ ಮಾಡಿದ್ದು. ಆದರೆ 43 ಇಂಚಿನದಕ್ಕೆ ನಲವತ್ತು ಸಾವಿರದ ಆಸುಪಾಸು ಬೆಲೆ ಕೇಳಿದ ಮೇಲೆ ಯಾವ ಹೋಂಸ್ಟೇಯವರೂ ಮತ್ತೆ ಆ ಮಾತೆತ್ತಲಿಲ್ಲ.

ದಾರಿ ತೋರಿಸಿದ್ದು ನಮ್ಮ ಸಿಡಿಲು. ಮಾರ್ಚ್‌ನಿಂದ ಮೇವರೆಗಿನ ಗುಡುಗು ಮಳೆಯಲ್ಲಿ ಕರೆಂಟ್ ಲೈನಿನಿಂದಲೋ ಡಿಶ್ ಕೇಬಲ್‌ನಿಂದಲೋ ಸಿಡಿಲಿನ ಹೊಡೆತ ಒಳಬಂದು ಬೋರ್ಡ್ ಸುಡುತ್ತದೆ, ಆದರೆ ಪ್ಯಾನೆಲ್ ಬಹುಪಾಲು ಹಾಗೆಯೇ ಉಳಿದಿರುತ್ತದೆ. ಕಂಪನಿ ಬೋರ್ಡ್‌ಗೆ ಹೊಸ ಟಿವಿಯ ಅರ್ಧ ಬೆಲೆ ಕೇಳುವುದರಿಂದ ಮಾಲೀಕರು ಇಡೀ ಸೆಟ್ಟನ್ನು ಎರಡು ಮೂರು ಸಾವಿರಕ್ಕೆ ಕೊಟ್ಟುಬಿಡುತ್ತಾರೆ. ಟಿವಿ ಆರಿಸುವುದೆಂದರೆ ಪ್ಯಾನೆಲ್ ಆರಿಸುವುದು ಎಂಬುದು ನನಗೆ ಖಚಿತವಾದದ್ದು ಇಂಥ ಸೆಟ್‌ಗಳನ್ನು ಬಿಚ್ಚುತ್ತ ಹೋದಂತೆ.

ಈಗ ಸೆಟ್ ಕೈಗೆ ಬಂದರೆ ಅದರ ಮುಂಭಾಗದಲ್ಲಿರುವ ಕಂಪನಿಯ ಹೆಸರನ್ನು ನೋಡುವುದೇ ಇಲ್ಲ. ಹಿಂಬದಿ ಬಿಚ್ಚಿ ಪ್ಯಾನೆಲ್‌ನ ಚೀಟಿ ಓದುತ್ತೇನೆ. ಅದರಲ್ಲಿನ ನಂಬರ್ ಎಲ್‌ಸಿ ಎಂದು ಶುರುವಾದರೆ ತಯಾರಿಸಿದ್ದು ಎಲ್‌ಜಿ ಡಿಸ್‌ಪ್ಲೇ, ಸಾಮಾನ್ಯವಾಗಿ ಪಕ್ಕದಿಂದಲೂ ಚೆನ್ನಾಗಿ ಕಾಣುವ ಐಪಿಎಸ್ ಬಗೆಯದು. ಟಿ ಎಂದಿದ್ದರೆ ಎಯುಒ, ವಿ ಎಂದಿದ್ದರೆ ಇನ್ನೊಲಕ್ಸ್, ಇವೆರಡೂ ಹೆಚ್ಚಾಗಿ ವಿಎ ಎಂಬ ಇನ್ನೊಂದು ಬಗೆಯವು. ಹಾಕಿ ಪಂದ್ಯವಿದ್ದರೆ ಕೋಣೆಯ ಮೂಲೆ ಮೂಲೆಯಲ್ಲೂ ಜನ ಕೂರುವ ಊರು ನಮ್ಮದು, ಆದ್ದರಿಂದ ಹಾಲ್‌ಗೆ ಐಪಿಎಸ್ಸೇ ಆಗಬೇಕು. ಮರದ ಹಲಗೆ ಹೊದಿಸಿದ ಕತ್ತಲೆಯ ಮಲಗುವ ಕೋಣೆಗೆ ವಿಎ ಒಳ್ಳೆಯದು, ಅದರಲ್ಲಿ ಕಪ್ಪು ಕಪ್ಪಾಗಿಯೇ ಕಾಣುತ್ತದೆ. ನಂತರ ಕನೆಕ್ಟರ್ ನೋಡುತ್ತೇನೆ: 30 ಪಿನ್ ಇದ್ದರೆ ಎಚ್‌ಡಿ, 51 ಇದ್ದರೆ ಫುಲ್ ಎಚ್‌ಡಿ ಎಂಬುದು ಟಿವಿ ಪ್ಯಾನೆಲ್‌ಗಳ ಮಟ್ಟಿಗೆ ಸಾಮಾನ್ಯವಾಗಿ ನಡೆಯುವ ಲೆಕ್ಕ. ಬೋರ್ಡ್‌ನ ಮೇಲೆ ಪ್ಯಾನೆಲ್ ವೋಲ್ಟೇಜ್ ಆರಿಸುವ ಪುಟ್ಟ ಕೊಂಡಿ, ಅಂದರೆ ಜಂಪರ್, 3.3, 5, 12 ಎಂದು ಮೂರು ಕಡೆ ಕೂರುತ್ತದೆಯಷ್ಟೆ; ಪ್ಯಾನೆಲ್ ನಂಬರಿನ ಡೇಟಾಶೀಟ್ ನೋಡಿ ಜಂಪರ್ ಹಾಕಿದ ಮೇಲೂ, ಕೇಬಲ್ ಚುಚ್ಚುವ ಮೊದಲು ಕನೆಕ್ಟರಿನ ಪಿನ್ನಿಗೆ ಮೀಟರ್ ಹಿಡಿದು ಅಳೆಯದೆ ನಾನು ಮುಂದುವರಿಯುವುದಿಲ್ಲ. ಐದು ವೋಲ್ಟಿನ ಪ್ಯಾನೆಲ್‌ಗೆ ಹನ್ನೆರಡು ಹೋದರೆ ಅದು ಮತ್ತೆ ಏಳುವುದಿಲ್ಲ. ಚಿತ್ರ ಬಂದು, ಮುಖಗಳು ಮಾತ್ರ ಫಿಲ್ಮ್ ನೆಗೆಟಿವ್‌ನಂತೆ ಕಂಡರೆ ಹೆದರಬೇಕಿಲ್ಲ, ಸರ್ವಿಸ್ ಮೆನುವಿನಲ್ಲಿ ಎಲ್‌ವಿಡಿಎಸ್ (ಬೋರ್ಡ್‌ನಿಂದ ಪ್ಯಾನೆಲ್‌ಗೆ ಚಿತ್ರ ಸಾಗಿಸುವ ಒಂದು ವಿಧಾನ) ಮ್ಯಾಪಿಂಗ್ ಬದಲಿಸಿದರೆ ಸರಿಹೋಗುತ್ತದೆ.

ಪವರ್ ಸಪ್ಲೈ ಸೇರಿದ ಕಾಂಬೊ ಬೋರ್ಡ್ ಅಗ್ಗವಾದರೂ ನಮ್ಮ ಜಿಲ್ಲೆಗೆ ಬೇಡ; ಮುಂದಿನ ಸಿಡಿಲಿಗೆ ಎಲ್ಲವೂ ಒಟ್ಟಿಗೆ ಹೋಗುತ್ತದೆ. ಪವರ್ ಸಪ್ಲೈ ಬೇರೆ ಇದ್ದರೆ ಎಷ್ಟೋ ಬಾರಿ ಅದೊಂದನ್ನೇ ಬದಲಿಸಿದರೆ ಸಾಕಾಗುತ್ತದೆ. ಬ್ಯಾಕ್‌ಲೈಟ್‌ನ ಕರೆಂಟ್ ಇಳಿಸಿಯೇ ಸೆಟ್ ಹೊರಗೆ ಕಳಿಸುತ್ತೇನೆ, ನನ್ನ ಟಿವಿಗಳ ಬಾಳಿಕೆಗೆ ಮುಖ್ಯ ಕಾರಣವೇ ಇದು. ಎಷ್ಟಕ್ಕೆ ಇಳಿಸುತ್ತೇನೆ, ಎಲ್ಲಿ ಇಳಿಸುತ್ತೇನೆ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಯಾರ ಬಳಿ ಬೋರ್ಡ್ ಕೊಳ್ಳುತ್ತೇನೆ ಎಂಬುದನ್ನು ಮಾತ್ರ ಬರೆಯುವುದಿಲ್ಲ. ಅದು ನನ್ನ ಅನ್ನದ ದಾರಿ.

ಸೋತದ್ದು ಫೋರ್‌ಕೆ ಪ್ಯಾನೆಲ್‌ಗಳಲ್ಲಿ. ಅವು ಸಾಮಾನ್ಯವಾಗಿ ಎಲ್‌ವಿಡಿಎಸ್ ಅಲ್ಲ, ವಿ-ಬೈ-ಒನ್ ಎಂಬ ಬೇರೆಯೇ ವಿಧಾನದವು. ಅದಕ್ಕೆ ಹೊಂದುವ ಸಾದಾ ಬೋರ್ಡ್ ನನಗೆ ಸಿಗಲಿಲ್ಲ, ಸಿಕ್ಕವೆಲ್ಲ ಆಂಡ್ರಾಯ್ಡ್ ಬೋರ್ಡ್‌ಗಳೇ. ಅವನ್ನು ಹಾಕಿದರೆ ಮತ್ತೆ ಅದೇ ಹೋಮ್ ಸ್ಕ್ರೀನ್ ಬಂದು ಕೂರುತ್ತದೆ. ಹಾಗೆ ತಂದ ಸೆಟ್‌ಗಳ ಮೇಲೆ ಹಾಕಿದ ಏಳೆಂಟು ಸಾವಿರ ಇನ್ನೂ ಅಟ್ಟದ ಮೇಲೆಯೇ ಇದೆ.

ಮಿತ್ರರು ಹೆದರಿಸಿದ್ದ ಮಳೆಗಾಲಕ್ಕಾಗಿ ಬೇರೆಯೇ ಪ್ರಯೋಗ ನಡೆಸಿದೆ. ತೇವ ಸೇರಿ ಪ್ಯಾನೆಲ್‌ನ ಅಂಚಿನ ಜೋಡಣೆ ಕೆಟ್ಟರೆ ನೆಟ್ಟಗೆ ಗೆರೆಗಳು ಬರುತ್ತವೆ, ಅದಕ್ಕೆ ನಮ್ಮಲ್ಲಿ ಮದ್ದಿಲ್ಲ. ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಇಟ್ಟು ನೋಡಿದೆ. ಜುಲೈಯಲ್ಲಿ ಅವು ಒಂದು ವಾರಕ್ಕೇ ತೇವ ತುಂಬಿ ಕೆಲಸಕ್ಕೆ ಬಾರದಾದವು. ಅತಿಥಿಗಳಿಲ್ಲದಿದ್ದರೂ ದಿನಕ್ಕೊಂದು ಗಂಟೆ ಟಿವಿ ಹಾಕಿಡಿ ಎಂದು ಮಾಲೀಕರಿಗೆ ಹೇಳಿದ್ದೇ ಫಲ ಕೊಟ್ಟಿತು, ಒಳಗಿನ ಬಿಸಿಗೆ ತೇವ ನಿಲ್ಲುವುದಿಲ್ಲ. ಗಾಳಿಯ ಕಿಂಡಿಗಳಿಗೆ ಸೊಳ್ಳೆ ಜಾಲರಿ ಅಂಟಿಸುತ್ತೇನೆ. ಬೆಚ್ಚಗಿದೆಯೆಂದು ಒಳಸೇರುವ ಹಲ್ಲಿ ಪವರ್ ಸಪ್ಲೈ ಮೇಲೆ ಅಡ್ಡ ಬಿದ್ದು ಸುಟ್ಟ ಸೆಟ್‌ಗಳನ್ನು ನೀವೂ ಬಿಚ್ಚಿರುತ್ತೀರಿ.

ಚಿತ್ರದ ಮೂಲವಾಗಿ ತಿಂಗಳ ಬಾಡಿಗೆಯಿಲ್ಲದ ಡಿಡಿ ಫ್ರೀ ಡಿಶ್ ಹಾಕುತ್ತೇನೆ. ಅದರ ತರಂಗಗಳು ಮಳೆಗೆ ಬೇಗ ಕುಂದುವ ಕು ಬ್ಯಾಂಡ್‌ನವು ಆದ್ದರಿಂದ ಜೋರು ಮಳೆಗೆ ಚಿತ್ರ ಹೋಗುವುದು ಸಹಜ; 60 ಸೆಂಟಿಮೀಟರಿನ ತಟ್ಟೆಯ ಬದಲು 90ರದ್ದು ಹಾಕಿದ ಮೇಲೆ ಆ ತೊಂದರೆ ಅರ್ಧಕ್ಕಿಂತ ಕಡಿಮೆಯಾಗಿದೆ. ಅದರ ಉಪಗ್ರಹ ಜಿಸ್ಯಾಟ್-15 ಇರುವುದು 93.5 ಡಿಗ್ರಿ ಪೂರ್ವದಲ್ಲಿ, ನಮಗೆ ಆಗ್ನೇಯಕ್ಕೆ ಎತ್ತರದಲ್ಲಿ. ಮನೆಯ ಪಕ್ಕದ ಸಿಲ್ವರ್ ಓಕ್ ಅಡ್ಡ ಬರುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು.

ಖರ್ಚು ಹೀಗೆ: 40 ಇಂಚಿನ ಸತ್ತ ಸೆಟ್ಟಿಗೆ ಸುಮಾರು ಮೂರು ಸಾವಿರ, ಬೋರ್ಡ್ ಮತ್ತು ಪವರ್ ಸಪ್ಲೈಗೆ ಎರಡು ಸಾವಿರದಷ್ಟು, ಹೊಸ ಬ್ಯಾಕ್‌ಲೈಟ್ ಪಟ್ಟಿ, ಕೇಬಲ್‌ಗಳಿಗೆ ಒಂದು ಸಾವಿರ. ಒಂಬತ್ತೂವರೆ ಸಾವಿರಕ್ಕೆ ಕೊಡುತ್ತೇನೆ. ಬೋರ್ಡ್‌ಗೆ ಒಂದು ವರ್ಷ ಗ್ಯಾರಂಟಿ, ಪ್ಯಾನೆಲ್‌ಗೆ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಟಿವಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಾಗ ನನ್ನ ವ್ಯಾಪಾರ ಮುಗಿಯಿತು ಎಂದರು. ಇಪ್ಪತ್ತನಾಲ್ಕು ಸಾವಿರದ ಸ್ಮಾರ್ಟ್ ಟಿವಿ ಇಪ್ಪತ್ತೆರಡಕ್ಕೆ ಬಂತು, ಅಷ್ಟೆ. ನನ್ನ ಬಳಿ ಬರುವವರು ಕಡಿಮೆಯಾಗಲಿಲ್ಲ.

43 ಇಂಚಿನ ಹೊಸ ಸೆಟ್‌ಗಳು ಈಗ ಬಹುಪಾಲು ಫೋರ್‌ಕೆ ಆಗಿರುವುದರಿಂದ ಆ ಅಳತೆಯ ಫುಲ್ ಎಚ್‌ಡಿ ಪ್ಯಾನೆಲ್ ಅಪರೂಪವಾಗುತ್ತಿದೆ. ಅದನ್ನು ಕೇಳಿದವರ ಹೆಸರು ಬರೆದಿಟ್ಟುಕೊಂಡಿದ್ದೇನೆ. ಮೇ ತಿಂಗಳ ಗುಡುಗು ಮುಗಿದು ಸುಟ್ಟ ಸೆಟ್‌ಗಳು ಅಂಗಡಿಗೆ ಬಂದ ಮೇಲೆಯೇ ಅವರಿಗೆ ಕೊಡಲು ಸಾಧ್ಯ. 32 ಮತ್ತು 40 ಇಂಚಿನವು ಸಿದ್ಧವಿವೆ.