ಪುಟ ತಿರುಗುವಷ್ಟು ಹೊತ್ತು ಆಡಲು ಒಂದು ಆಟ

ಅರಸೀಕೆರೆಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ಝೆರಾಕ್ಸ್ ಅನ್ನೋದು ಬೋರ್ಡಿಗೆ ಮಾತ್ರ. ದಿನದ ಮುಕ್ಕಾಲು ಭಾಗ ಜನರ ಆನ್‌ಲೈನ್ ಅರ್ಜಿ ತುಂಬುತ್ತೇನೆ. ಈ ಕೆಲಸದಲ್ಲಿ ಟೈಪ್ ಮಾಡೋದಕ್ಕಿಂತ ಕಾಯೋದೇ ಜಾಸ್ತಿ. ಪುಟ ತಿರುಗುತ್ತಾ ಇರುತ್ತದೆ. ಓಟಿಪಿ ಎದುರಿಗೆ ಕೂತವರ ಮಗನ ಫೋನಿಗೆ ಹೋಗಿರುತ್ತದೆ, ಮಗ ಬೆಂಗಳೂರಲ್ಲಿ ಮೀಟಿಂಗ್‌ನಲ್ಲಿರುತ್ತಾನೆ. ಎರಡು ನಿಮಿಷ, ನಾಲ್ಕು ನಿಮಿಷ, ಹೀಗೆ ಚೂರು ಚೂರು ಹೊತ್ತು. ಪುಸ್ತಕ ಹಿಡಿದರೆ ಸಾಲು ತಪ್ಪುತ್ತದೆ. ವಿಡಿಯೋ ಹಾಕಿದರೆ ಗಿರಾಕಿಗಳು ಮುಖ ನೋಡುತ್ತಾರೆ. ಆ ಚೂರುಗಳಿಗೆ ಹೇಳಿ ಮಾಡಿಸಿದ್ದು ಬ್ರೌಸರಿನ ಕ್ಲಿಕ್ಕರ್ ಆಟ, ಅಂದರೆ ಮೌಸ್ ಒತ್ತಿ ಒತ್ತಿ ಅಂಕಿ ಬೆಳೆಸುವ ಆಟ. ನಾಲ್ಕು ವರ್ಷದಿಂದ ಆಡುತ್ತಿದ್ದೇನೆ, ಒಂದು ಮೌಸ್ ಕೆಡಿಸಿಕೊಂಡಿದ್ದೇನೆ. ಹಾಗಾಗಿ ಯಾವುದನ್ನು ಆರಿಸಬೇಕು ಅಂತ ಹೇಳುವಷ್ಟು ಅನುಭವ ಇದೆ ಅಂದುಕೊಳ್ಳಿ.

ಆಟ ಗೊತ್ತಿಲ್ಲದವರು ಕುಕಿ ಕ್ಲಿಕ್ಕರ್‌ನಿಂದ ಶುರು ಮಾಡಿ. ಒರ್ಟೈಲ್ ಅನ್ನೋ ಹೆಸರಲ್ಲಿ ಬರೆಯುವ ಫ್ರಾನ್ಸಿನ ಪ್ರೋಗ್ರಾಮರ್ ಜೂಲಿಯನ್ ತಿಯೆನೋ 2013ರ ಆಗಸ್ಟ್‌ನಲ್ಲಿ ಬಿಟ್ಟ ಆಟ ಇದು. ಪರದೆಯ ಎಡಕ್ಕೆ ದೊಡ್ಡದೊಂದು ಬಿಸ್ಕತ್ತು. ಒತ್ತಿದರೆ ಒಂದು ಕುಕಿ. 15 ಆದಮೇಲೆ ಒಂದು ಕರ್ಸರ್ ಕೊಳ್ಳಬಹುದು, ಅದು ಹತ್ತು ಸೆಕೆಂಡಿಗೊಮ್ಮೆ ನಿಮ್ಮ ಪರವಾಗಿ ಒತ್ತುತ್ತದೆ. 100 ಕೊಟ್ಟರೆ ಒಬ್ಬ ಅಜ್ಜಿ ಬರುತ್ತಾಳೆ, ಸೆಕೆಂಡಿಗೊಂದು ಬೇಯಿಸುತ್ತಾಳೆ. 1,100ಕ್ಕೆ ಒಂದು ಹೊಲ, ಸೆಕೆಂಡಿಗೆ 8. ಹೊಲದಲ್ಲಿ ಬಿಸ್ಕತ್ತು ಹೇಗೆ ಬೆಳೆಯುತ್ತೆ ಅಂತ ಕೇಳಬೇಡಿ. ಒಂದೊಂದು ಕೊಂಡಾಗಲೂ ಅದೇ ಸಾಮಾನಿನ ಮುಂದಿನ ಬೆಲೆ ಶೇಕಡಾ 15 ಏರುತ್ತದೆ. ಮೊದಲ ಅಜ್ಜಿ 100, ಎರಡನೆಯವಳು 115, ಮೂರನೆಯವಳು 133.

ಇಷ್ಟೇನಾ ಅನಿಸುತ್ತೆ ಅಲ್ವಾ? ನನಗೂ ಅನಿಸಿತ್ತು. ಆದರೆ ನಮ್ಮಪ್ಪ ಕಿರಾಣಿ ಅಂಗಡಿ ಇಟ್ಟಿದ್ದವರು. ಹೊಸ ಮಾಲು ತರುವಾಗ ಅವರದು ಒಂದೇ ಪ್ರಶ್ನೆ: "ಹಾಕಿದ ದುಡ್ಡು ಎಷ್ಟು ದಿನಕ್ಕೆ ವಾಪಸ್ ಬರುತ್ತೋ?" ಆ ಪ್ರಶ್ನೆಯನ್ನು ಇಲ್ಲಿ ಹಾಕಿ ನೋಡಿ. ಕರ್ಸರ್‌ಗೆ ಹಾಕಿದ 15 ಕುಕಿ ವಾಪಸ್ ಬರಲು 150 ಸೆಕೆಂಡು ಬೇಕು. ಮೊದಲ ಅಜ್ಜಿಗೆ 100 ಸೆಕೆಂಡು ಸಾಕು. ಅಗ್ಗದ ಸಾಮಾನೇ ದುಬಾರಿ! ನಾಲ್ಕನೇ ಅಜ್ಜಿಯ ಬೆಲೆ 153, ಅಂದರೆ 153 ಸೆಕೆಂಡು. ಹೊಲದ ದುಡ್ಡು 137 ಸೆಕೆಂಡು ಚಿಲ್ಲರೆಯಲ್ಲಿ ವಾಪಸ್. ಹಾಗಾದರೆ ನಾಲ್ಕನೇ ಅಜ್ಜಿ ಬೇಡ, ನೇರ ಹೊಲವೇ ಕೊಳ್ಳೋಣ ಅನ್ನುತ್ತೀರಿ. ಅಲ್ಲೇ ಇರೋದು ಗಮ್ಮತ್ತು. ಆಗ ನಿಮ್ಮ ಆದಾಯ ಸೆಕೆಂಡಿಗೆ 3. ಸುಮ್ನೆ ಕೂತು 1,100 ಕೂಡಿಸಲು 366 ಸೆಕೆಂಡು ಹಿಡಿಯುತ್ತದೆ. ಅದರ ಬದಲು 51 ಸೆಕೆಂಡಿನಲ್ಲಿ ನಾಲ್ಕನೇ ಅಜ್ಜಿಯನ್ನು ತಂದುಕೊಂಡು, ಆಮೇಲೆ ಸೆಕೆಂಡಿಗೆ 4ರಂತೆ ಕೂಡಿಸಿದರೆ ಒಟ್ಟು 326 ಸೆಕೆಂಡಿಗೇ ಹೊಲ ಬರುತ್ತದೆ. ನಲವತ್ತು ಸೆಕೆಂಡು ಉಳಿತಾಯ. ಇದನ್ನು ನಾನು ಹಾಳಾದ ಝೆರಾಕ್ಸ್ ಹಾಳೆಯ ಹಿಂದೆ ಲೆಕ್ಕ ಹಾಕಿದ ದಿನವೇ ಸಿಕ್ಕಿಬಿದ್ದೆ. ಬೆರಳಿಗೆ ಕೆಲಸ ಕಮ್ಮಿ, ತಲೆಗೆ ಚೂರು ಕೆಲಸ, ನಷ್ಟವಾದರೆ ಯಾರ ಮನೆಯೂ ಮುಳುಗಲ್ಲ.

ಇನ್ನೊಂದು ಸೆಳೆತ ಇದೆ, ಅದರ ಬಗ್ಗೆ ಮೊದಲೇ ಎಚ್ಚರಿಸುತ್ತೇನೆ. ಆಗಾಗ ಪರದೆಯ ಮೇಲೆ ಒಂದು ಚಿನ್ನದ ಕುಕಿ ಮೂಡಿ ಮಾಯವಾಗುತ್ತದೆ. ಅದೃಷ್ಟವಿದ್ದು ಅದನ್ನು ಒತ್ತಿದರೆ 77 ಸೆಕೆಂಡು ಆದಾಯ ಏಳು ಪಟ್ಟು. ಯಾವಾಗ ಬರುತ್ತೆ ಅಂತ ಹೇಳೋಕಾಗಲ್ಲ. ನಲ್ಲಿ ನೀರು ಬಿಡುವ ಹೊತ್ತು ಗೊತ್ತಿಲ್ಲದ ಬೀದಿಯಲ್ಲಿ ಮನೆಮಂದಿ ಕಿವಿ ನೆಟ್ಟಗೆ ಮಾಡಿಕೊಂಡೇ ಇರುತ್ತಾರಲ್ಲ, ಹಾಗೆ ಆಗುತ್ತದೆ. ಒಂದು ಸಲ ಚಿನ್ನದ ಕುಕಿ ಹಿಡಿಯಲು ಹೋಗಿ ಒಬ್ಬ ಹುಡುಗನ ಅರ್ಜಿಯಲ್ಲಿ ಹುಟ್ಟಿದ ವರ್ಷ ತಪ್ಪು ಹಾಕಿದ್ದೆ. ಸಬ್ಮಿಟ್ ಒತ್ತುವ ಮುಂಚೆ ಅವನೇ "ಅಣ್ಣಾ, ನಾನು ಅಷ್ಟು ಮುದುಕ ಅಲ್ಲ" ಅಂದ. ಅವತ್ತಿನಿಂದ ಗಿರಾಕಿ ಎದುರಿಗಿದ್ದಾಗ ಆ ಟ್ಯಾಬ್ ಮುಟ್ಟಲ್ಲ.

ಹಾಗಾಗಿ ಆಟ ಆರಿಸುವಾಗ ಮೊದಲು ನೋಡಬೇಕಾದ್ದು ಆಟವನ್ನಲ್ಲ, ನಿಮ್ಮ ಬಿಡುವು ಎಂಥದ್ದು ಅನ್ನೋದನ್ನು. ಎಷ್ಟು ಹೊತ್ತು ಬಿಟ್ಟು ಹೋಗುತ್ತೀರಿ? ಬಿಟ್ಟು ಹೋದಾಗ ಆಟ ಏನು ಮಾಡುತ್ತದೆ?

ಕಿಟನ್ಸ್ ಗೇಮ್ ಅಂತ ಒಂದಿದೆ. ಬರೀ ಅಕ್ಷರ ಮತ್ತು ಅಂಕಿ, ಚಿತ್ರವೇ ಇಲ್ಲ. ಬೆಕ್ಕಿನ ಮರಿಗಳ ಊರು ಕಟ್ಟಬೇಕು. ಅವಕ್ಕೆ ಮೇವು ಕ್ಯಾಟ್‌ನಿಪ್ ಗಿಡ. ಅದರಲ್ಲಿ ಋತುಗಳಿವೆ, ಚಳಿಗಾಲದಲ್ಲಿ ಹೊಲದ ಬೆಳೆ ಕಾಲು ಭಾಗಕ್ಕೆ ಇಳಿಯುತ್ತದೆ. ದಾಸ್ತಾನು ಸಾಲದಿದ್ದರೆ ಮರಿಗಳು ಹಸಿವಿನಿಂದ ಸಾಯುತ್ತವೆ. ನಾನು ಟ್ಯಾಬ್ ತೆರೆದಿಟ್ಟು ಊಟಕ್ಕೆ ಹೋಗಿ ಬಂದೆ, ಅರ್ಧ ಊರು ಖಾಲಿ. ತಪ್ಪು ನನ್ನದೇ, ಮೇವು ನೋಡದೆ ಮನೆ ಕಟ್ಟಿದ್ದೆ. ತುಂಬಾ ಆಳವಾದ ಆಟ, ತಿಂಗಳುಗಟ್ಟಲೆ ಆಡಬಹುದು. ಆದರೆ ಅಂಗಡಿಗೆ ಆಗಿಬರಲ್ಲ. ದಿನವಿಡೀ ಕಂಪ್ಯೂಟರ್ ಮುಂದೆ ಒಬ್ಬರೇ ಕೂರುವವರಿಗೆ ಸರಿ.

ಕುಕಿ ಕ್ಲಿಕ್ಕರ್ ಬಿಟ್ಟು ಹೋದರೆ ಬೈಯಲ್ಲ. ಆದರೆ ಟ್ಯಾಬ್ ಮುಚ್ಚಿದರೆ ಮೊದಮೊದಲು ಒಂದು ಕುಕಿಯೂ ಬೇಯಲ್ಲ. ಒಟ್ಟು ಒಂದು ಟ್ರಿಲಿಯನ್‌ಗಿಂತ ಜಾಸ್ತಿ ಬೇಯಿಸಿ, ಎಲ್ಲವನ್ನೂ ಬಿಟ್ಟುಕೊಟ್ಟು ಸೊನ್ನೆಯಿಂದ ಶುರು ಮಾಡಿದ ಮೇಲೆ ಮಾತ್ರ, ಮುಚ್ಚಿದಾಗಲೂ ಬೇಯುವ ಸೌಲಭ್ಯ ಕೊಳ್ಳಬಹುದು. ಟ್ರಿಲಿಯನ್ ಅಂದರೆ ನಮ್ಮ ಲೆಕ್ಕದಲ್ಲಿ ಒಂದು ಲಕ್ಷ ಕೋಟಿ, ಬಜೆಟ್ ದಿನ ಟೀವಿಯಲ್ಲಿ ಕೇಳುವ ಅಂಕಿ. ಅಷ್ಟೆಲ್ಲಾ ಮಾಡಿದರೂ ಮೊದಲು ಸಿಗೋದು ಆದಾಯದ ಶೇಕಡಾ 5, ಅದೂ ಒಂದು ಗಂಟೆ ಮಾತ್ರ. ಬೆಳಗ್ಗೆ ತೆರೆದ ಬ್ರೌಸರ್ ರಾತ್ರಿ ತನಕ ಮುಚ್ಚದವರಿಗೆ ಇದು ಹೊಂದುತ್ತದೆ. ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ ನೋಡುವವರಿಗೆ ಅಡ್ವೆಂಚರ್ ಕ್ಯಾಪಿಟಲಿಸ್ಟ್ ಥರದ್ದು ವಾಸಿ. ನಿಂಬೆ ಶರಬತ್ತಿನ ಅಂಗಡಿಗೆ ಮ್ಯಾನೇಜರ್ ಇಟ್ಟು ಹೋದರೆ, ನೀವಿಲ್ಲದಾಗಲೂ ವ್ಯಾಪಾರ ನಡೆಯುತ್ತದೆ. ಆದರೆ ಅದರಲ್ಲಿ ನಿಜವಾದ ದುಡ್ಡು ಕೊಟ್ಟು ಕೊಳ್ಳುವ ಚಿನ್ನವೂ ಇದೆ. ನನ್ನ ಕಟ್ಟುನಿಟ್ಟು ಒಂದೇ: ಕಾಯೋದೇ ಆಟವಾಗಿರುವ ಕಡೆ ಕಾಯದಿರಲು ಒಂದು ಪೈಸೆಯೂ ಕೊಡಲ್ಲ.

ಇನ್ನೊಂದು ಪರೀಕ್ಷೆ ಹತ್ತು ನಿಮಿಷದ್ದು. ಆಟದ ಅಂಕಿ ಬರೆದಿಟ್ಟು ಬೇರೆ ಟ್ಯಾಬಿಗೆ ಹೋಗಿ, ಹತ್ತು ನಿಮಿಷ ಬಿಟ್ಟು ಬನ್ನಿ. ಮರೆಯಲ್ಲಿರುವ ಟ್ಯಾಬುಗಳನ್ನು ಕ್ರೋಮ್ ನಿಧಾನ ಮಾಡುತ್ತದೆ. 2021ರಿಂದ, ಐದು ನಿಮಿಷಕ್ಕಿಂತ ಜಾಸ್ತಿ ಮರೆಯಾಗಿದ್ದರೆ ನಿಮಿಷಕ್ಕೊಮ್ಮೆ ಮಾತ್ರ ಎಚ್ಚರವಾಗಲು ಬಿಡಬಹುದು. ಚೆನ್ನಾಗಿ ಬರೆದ ಆಟ ವಾಪಸ್ ಬಂದ ತಕ್ಷಣ ಗಡಿಯಾರ ನೋಡಿ ಬಾಕಿ ಚುಕ್ತಾ ಮಾಡುತ್ತದೆ. ಹಾಗೆ ಮಾಡದ ಆಟವನ್ನು ಅಲ್ಲೇ ಬಿಡಿ. ನೋಟಿಫಿಕೇಶನ್‌ಗೆ ಅನುಮತಿ ಕೇಳುವ, ಜಾಹೀರಾತಿನಲ್ಲಿ ಮುಳುಗಿರುವ ನಕಲು ಸೈಟುಗಳೂ ಬೇಡ. ಆಟ ಬರೆದವರ ಸ್ವಂತ ಸೈಟಿಗೇ ಹೋಗಿ.

ಮುಗಿಯುವ ಆಟ ಬೇಕೋ, ಮುಗಿಯದ್ದೋ? ನನಗಂತೂ ಮುಗಿಯುವುದೇ ಇಷ್ಟ. ಮೈಕೆಲ್ ಟೌನ್‌ಸೆಂಡ್ 2013ರಲ್ಲಿ ಮಾಡಿದ ಎ ಡಾರ್ಕ್ ರೂಮ್ ತೆರೆದರೆ ಕತ್ತಲೆ ಕೋಣೆ, ಬೆಂಕಿ ಹಚ್ಚುವ ಒಂದೇ ಬಟನ್. ಮುಂದಿನದ್ದು ಹೇಳಿದರೆ ಕೆಟ್ಟುಹೋಗುತ್ತೆ. ಫ್ರಾಂಕ್ ಲ್ಯಾಂಟ್ಸ್ 2017ರಲ್ಲಿ ತಂದ ಯುನಿವರ್ಸಲ್ ಪೇಪರ್‌ಕ್ಲಿಪ್ಸ್ ಅಂತೂ ನನ್ನ ಕಸುಬಿನದ್ದೇ: ನಮ್ಮ ಜೆಮ್ ಕ್ಲಿಪ್. ಒತ್ತಿದರೆ ಒಂದು ಕ್ಲಿಪ್. ತಂತಿ ಕೊಳ್ಳಬೇಕು, ಬೆಲೆ ನೀವೇ ಇಡಬೇಕು. ಬೆಲೆ ಏರಿಸಿದರೆ ಗಿರಾಕಿ ಕಮ್ಮಿ, ಇಳಿಸಿದರೆ ಮಾಲು ಖಾಲಿ. ಅರ್ಧ ಗಂಟೆ ಇದು ವ್ಯಾಪಾರದ ಆಟ ಅಂದುಕೊಂಡಿದ್ದೆ. ಆಮೇಲೆ ಅದು ಹೋದ ಕಡೆ ನೋಡಿ ಬಾಯಿ ತೆರೆದೆ. ಒಂದು ಭಾನುವಾರದಲ್ಲಿ ಮುಗಿಯಿತು. ಮೊದಲ ಸಲ ಆಡುವವರಿಗೆ ನಾನು ಕೊಡೋದು ಇದನ್ನೇ. ಅಂಕಿಯ ಹುಚ್ಚು ಇದ್ದರೆ ಮಾತ್ರ ಆಂಟಿಮ್ಯಾಟರ್ ಡೈಮೆನ್ಶನ್ಸ್. ಅದರ ಮೊದಲ ಗುರಿಯೇ ಸುಮಾರು 1.8 ಇಂಟು ಹತ್ತರ 308ನೇ ಘಾತ, ಅಂದರೆ 1.8ನ್ನು 308 ಸಲ ಹತ್ತರಿಂದ ಗುಣಿಸಿದಷ್ಟು. ಬ್ರೌಸರಿನ ಮಾಮೂಲಿ ಲೆಕ್ಕದಲ್ಲಿ ಅದರಾಚೆ ಅಂಕಿಯೇ ಇಲ್ಲ, ಅನಂತ ಅಂತಲೇ ತೋರಿಸುತ್ತದೆ.

ಫೇಸ್‌ಬುಕ್ ಆಟಗಳ ಇಂಥದ್ದೇ ಚಟವನ್ನು ಅಣಕಿಸಲೆಂದೇ ಮಾಡಿದ ಆಟವೂ ಒಂದಿತ್ತು. 2010ರಲ್ಲಿ ಇಯಾನ್ ಬೊಗೊಸ್ಟ್ ಫೇಸ್‌ಬುಕ್ಕಿನಲ್ಲಿ ಕೌ ಕ್ಲಿಕ್ಕರ್ ಬಿಟ್ಟರು. ಆರು ಗಂಟೆಗೊಮ್ಮೆ ಹಸುವನ್ನು ಒತ್ತಬೇಕು, ಬೇರೇನಿಲ್ಲ. ಜನ ನಿಜವಾಗಿಯೂ ಆಡಿದರು. 2011ರ ಸೆಪ್ಟೆಂಬರ್‌ನಲ್ಲಿ ಹಸುಗಳನ್ನೆಲ್ಲ ಮಾಯ ಮಾಡಿದರೂ ಕೆಲವರು ಖಾಲಿ ಜಾಗವನ್ನೇ ಒತ್ತುತ್ತಿದ್ದರು. ಬೈಯೋಕೆ ನನಗೆ ಬಾಯಿಲ್ಲ.

ಕೊನೆಯದಾಗಿ, ಆಟ ಎಲ್ಲಿ ಉಳಿಯುತ್ತದೆ ಅಂತ ನೋಡಿಕೊಳ್ಳಿ. ಇವುಗಳಲ್ಲಿ ಹೆಚ್ಚಿನವು ನಿಮ್ಮ ಬ್ರೌಸರಿನೊಳಗೇ ಉಳಿಯುತ್ತವೆ, ಖಾತೆ ಗೀತೆ ಇರಲ್ಲ. ನನ್ನ ಅಂಗಡಿಯಲ್ಲಿ ಜನ ಆಧಾರ್, ಬ್ಯಾಂಕು ಎಲ್ಲಾ ತೆರೆಯುತ್ತಾರೆ. ಅದಕ್ಕೇ ರಾತ್ರಿ ಬಾಗಿಲು ಹಾಕುವ ಮುಂಚೆ ಬ್ರೌಸರಿನ ಹಿಸ್ಟರಿ ಅಳಿಸುತ್ತೇನೆ, ಒಂದು ಸೈಟಿನ ಡೇಟಾ ಬಿಟ್ಟು. ಒಂದು ದಿನ ಕೆಲಸದ ಹುಡುಗಿಗೆ ಹೇಳಿ ಬೇಗ ಹೋಗಿದ್ದೆ. ಅವಳು ಪಟ್ಟಿಯಲ್ಲಿದ್ದ ಎಲ್ಲಕ್ಕೂ ಟಿಕ್ ಹಾಕಿ ಕುಕೀಸ್, ಅಂದರೆ ಸೈಟುಗಳು ಬ್ರೌಸರಿನಲ್ಲಿ ಇಟ್ಟ ಡೇಟಾ, ಅಳಿಸಿದಳು. ಹೌದು, ಮೂರು ತಿಂಗಳ ನನ್ನ ಕುಕೀಸೂ ಹೋದವು. ಐಫೋನ್, ಮ್ಯಾಕ್ ಇರುವವರು ಇನ್ನೂ ಹುಷಾರು. ಸಫಾರಿ ಬಳಸುತ್ತಾ ಏಳು ದಿನ ಆ ಸೈಟಿನ ಕಡೆ ಹೋಗದಿದ್ದರೆ ಅದು ಉಳಿಸಿಟ್ಟಿದ್ದನ್ನು ತಾನೇ ಅಳಿಸುತ್ತದೆ, 2020ರಿಂದ ಇದೇ ಪದ್ಧತಿ.

ಆದ್ದರಿಂದ ಸೆಟ್ಟಿಂಗ್ಸ್‌ನಲ್ಲಿ ಎಕ್ಸ್‌ಪೋರ್ಟ್ ಇಲ್ಲದ ಆಟ ಬೇಡ. ಒತ್ತಿದರೆ ಉದ್ದನೆಯ ಅರ್ಥವಾಗದ ಅಕ್ಷರಗಳ ಸಾಲು ಬರುತ್ತದೆ. ಅದನ್ನು ನಕಲು ಮಾಡಿ ನಿಮಗೇ ಮೇಲ್ ಹಾಕಿಕೊಳ್ಳಿ, ಬೇಕಾದಾಗ ಇಂಪೋರ್ಟ್‌ನಲ್ಲಿ ಹಾಕಿದರೆ ಬಿಟ್ಟಲ್ಲಿಂದ ಶುರು. ನಮ್ಮ ಕೌಂಟರಿನ ಒಳಗಡೆ ಈಗ ಒಂದು ಚೀಟಿ ಅಂಟಿಸಿದ್ದೇನೆ: ಮೊದಲು ಎಕ್ಸ್‌ಪೋರ್ಟ್, ಆಮೇಲೆ ಹಿಸ್ಟರಿ, ಆಮೇಲೆ ಶಟರ್. ಅದರ ಕೆಳಗೆ ಹುಡುಗಿ ಪೆನ್ಸಿಲಿನಲ್ಲಿ ಬರೆದಿದ್ದಾಳೆ: ಫ್ಯಾನು.